‘ಬುಜ್ಜಿ’ ಗೋರ್ಟಾಕ್ಕೆ ಬಂದರೆ ಚಾರ್ಜ್ ಎಲ್ಲಿ?

ಶಿಳ್ಳೆ ಹೊಡೆದವರೆಲ್ಲ ಕೈ ಎತ್ತಿ! 2024ರ ಜೂನ್ 27ರಂದು ‘ಕಲ್ಕಿ 2898 ಎಡಿ’ ತೆರೆಗೆ ಬಂದಾಗ ಪ್ರಭಾಸ್‌ಗೆ ಹೊಡೆದ ಶಿಳ್ಳೆಯಲ್ಲಿ ಅರ್ಧಪಾಲು ಅವನ ಕಾರು ‘ಬುಜ್ಜಿ’ಗೂ ಸೇರಬೇಕು. ಬುಜ್ಜಿ ಬರೀ ಗ್ರಾಫಿಕ್ಸ್ ಅಲ್ಲ ಸ್ವಾಮಿ, ಕೊಯಮತ್ತೂರಿನ ಜಯೆಮ್ ಸಂಸ್ಥೆಯೂ ಮಹೀಂದ್ರಾದವರೂ ಸೇರಿ ಕಟ್ಟಿದ ನಿಜವಾದ ಗಾಡಿ. ತೂಕ 6 ಟನ್. ಹೊಟ್ಟೆಯಲ್ಲಿ ಪೆಟ್ರೋಲೂ ಇಲ್ಲ, ಡೀಸೆಲ್ಲೂ ಇಲ್ಲ. ಇರೋದು ಎರಡು ಕರೆಂಟ್ ಮೋಟಾರು! ನಮ್ಮ ರಿಷಬ್ ಶೆಟ್ಟಿ ಕೂಡ ಅದರ ಸ್ಟೀರಿಂಗ್ ಹಿಡಿದು ಸುತ್ತು ಹಾಕಿದ್ದುಂಟು.

ಸರಿ, ತೆರೆಯ ಮೇಲೆ ಕರೆಂಟ್ ಗಾಡಿ ಹಾರಿತು. ನಮ್ಮ ಗೋರ್ಟಾ (ಬಿ) ರಸ್ತೆಯಲ್ಲಿ ಓಡುತ್ತದೆಯೇ? ಬಸವಕಲ್ಯಾಣ, ಹುಮನಾಬಾದ್ ಕಡೆಯ ಹುಡುಗರು ಕೇಳೋ ಪ್ರಶ್ನೆ ಒಂದೇ: ‘ಅಣ್ಣಾ, ಬ್ಯಾಟರಿ ಗಾಡಿ ತಗೊಂಡ್ರ ಹೈದರಾಬಾದ್ ಹೋಗಿ ಬರ್ಲಕ್ ಆಗ್ತದಾ?’

ತವರುಮನೆ ನಮ್ಮದೇ!

ಈ ಹೀರೋ ಪರದೇಶದಿಂದ ಬಂದವನು ಅಂದುಕೊಂಡಿರಾ? ತಪ್ಪು! 2001ರಲ್ಲೇ ಬೆಂಗಳೂರಿನಲ್ಲಿ ‘ರೇವಾ’ ಎಂಬ ಪುಟಾಣಿ ಕರೆಂಟ್ ಕಾರು ಬೀದಿಗಿಳಿಯಿತು. ಅದರ ಹಿಂದಿದ್ದವರು ಬೆಂಗಳೂರಿನ ಚೇತನ್ ಮೈನಿ. ಎರಡೇ ಬಾಗಿಲು. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಓಟ. ‘ಜಿ-ವಿಜ್’ ಎಂಬ ಹೆಸರಿನಲ್ಲಿ ಲಂಡನ್ ಬೀದಿಯಲ್ಲೂ ಓಡಾಡಿತು. ಆದರೆ ಅದರೊಳಗಿದ್ದದ್ದು ಹಳೇ ಕಾಲದ ಸೀಸದ ಬ್ಯಾಟರಿ. ಭಾರ ಜಾಸ್ತಿ, ದಮ್ಮು ಕಮ್ಮಿ. ಬಾಕ್ಸಾಫೀಸಿನಲ್ಲಿ ಗೆಲ್ಲಲಿಲ್ಲ. 2010ರಲ್ಲಿ ಕಂಪನಿ ಮಹೀಂದ್ರಾ ಕೈಸೇರಿತು. ಆಮೇಲೆ ಲಿಥಿಯಂ ಬ್ಯಾಟರಿ ಬಂತು, ಕಥೆಯೇ ತಿರುವು ಪಡೆಯಿತು.

ನಡುವೆ ಬಂದದ್ದು ಹೈಬ್ರಿಡ್. ಇದು ಡಬಲ್ ಆಕ್ಟಿಂಗ್! ಒಂದೇ ಗಾಡಿಯಲ್ಲಿ ಪೆಟ್ರೋಲ್ ಇಂಜಿನ್ನೂ ಉಂಟು, ಮೋಟಾರೂ ಉಂಟು. ಬ್ರೇಕ್ ಒತ್ತಿದಾಗ ವ್ಯರ್ಥವಾಗುವ ಶಕ್ತಿಯನ್ನು ಹಿಡಿದು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ನಮ್ಮ ಬಿಡದಿಯಲ್ಲಿ 2013ರಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಶುರುವಾಯಿತು. 2022ರಲ್ಲಿ ಇನ್ನೋವಾ ಹೈಕ್ರಾಸ್ ಬಂತು. ಇವಕ್ಕೆ ಪ್ಲಗ್ ಬೇಕಿಲ್ಲ, ಪೆಟ್ರೋಲ್ ಉಳಿತಾಯವೂ ಸರಿ. ಆದರೆ ಬಂಕಿನ ಋಣ ಮಾತ್ರ ತೀರೋದಿಲ್ಲ.

ಲೆಕ್ಕ ಹಾಕಿ ಅಣ್ಣಾ!

ಈಗ ಕಿಸೆಯ ವಿಷಯಕ್ಕೆ ಬರೋಣ. ಲೀಟರಿಗೆ 18 ಕಿ.ಮೀ. ಕೊಡುವ ಪೆಟ್ರೋಲ್ ಕಾರು, ಲೀಟರಿಗೆ 100 ರೂಪಾಯಿ ಎಂದಿಟ್ಟುಕೊಳ್ಳಿ. 200 ಕಿ.ಮೀ.ಗೆ 1,100 ರೂಪಾಯಿ ಖಲಾಸ್! ಸಣ್ಣ ಕರೆಂಟ್ ಕಾರಿಗೆ ಅದೇ ದಾರಿಗೆ 27 ಯೂನಿಟ್ ಸಾಕು. ಮನೆಯ ಮೀಟರಿನಲ್ಲಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ 190 ರೂಪಾಯಿ ದಾಟದು.

ಹಾಗಂತ ಇವತ್ತೇ ಸಾಲ ಮಾಡಬೇಡಿ! ಇಲ್ಲೇ ಇರೋದು ಸಸ್ಪೆನ್ಸ್. ಕರೆಂಟ್ ಕಾರಿಗೆ 3 ಲಕ್ಷ ಹೆಚ್ಚು ಬೆಲೆ ಎಂದುಕೊಳ್ಳಿ. ಗೋರ್ಟಾದಿಂದ ಪೇಟೆಗೆ ದಿನಾ 40 ಕಿ.ಮೀ. ಓಡಾಡುವವನು ವರ್ಷಕ್ಕೆ 300 ದಿನ ಗಾಡಿ ತೆಗೆದರೆ ಸುಮಾರು 55 ಸಾವಿರ ಉಳಿಸುತ್ತಾನೆ. ಐದೂವರೆ ವರ್ಷಕ್ಕೆ ಹೆಚ್ಚಿನ ಹಣ ವಾಪಸ್. ಅನೇಕ ಕಂಪನಿಗಳು ಬ್ಯಾಟರಿಗೆ 8 ವರ್ಷ ಗ್ಯಾರಂಟಿ ಕೊಡೋದರಿಂದ ಆತ ಬಚಾವ್. ದಿನಕ್ಕೆ 10 ಕಿ.ಮೀ. ಓಡಿಸಿ, ಉಳಿದ ಹೊತ್ತು ಬೇವಿನ ಮರದಡಿ ನಿಲ್ಲಿಸುವವನಿಗೆ? ಇಪ್ಪತ್ತು ವರ್ಷಕ್ಕೂ ಮೀರಿ ಬೇಕು! ಕಂತು ಕಟ್ಟಿ ಕಟ್ಟಿ ಹುಡುಗನ ತಲೆಯೇ ನರೆಯುತ್ತದೆ. ಶೋಕಿಗೆ ಕೊಂಡವನು ಸೋಲುತ್ತಾನೆ, ಓಡಿಸಿ ದುಡಿಯುವವನು ಗೆಲ್ಲುತ್ತಾನೆ. ಇಷ್ಟೇ ಸ್ವಾಮಿ ಇದರ ಗುಟ್ಟು.

ಹೈದರಾಬಾದ್ ರಸ್ತೆಯಲ್ಲಿ...

ಹುಮನಾಬಾದಿನಿಂದ ಜಹೀರಾಬಾದ್, ಸಂಗಾರೆಡ್ಡಿ ದಾಟಿ ಹೈದರಾಬಾದಿಗೆ ಸುಮಾರು 150 ಕಿ.ಮೀ. 2022ರಲ್ಲಿ ಬಂದ ಟಿಯಾಗೊ ಕರೆಂಟ್ ಕಾರಿನ ದೊಡ್ಡ ಬ್ಯಾಟರಿಗೆ ಕಂಪನಿ ಹೇಳಿದ್ದು 315 ಕಿ.ಮೀ. ಅದು ಪರೀಕ್ಷೆಯ ಅಂಕಿ. ಎ.ಸಿ. ಹಾಕಿ, ನಾಲ್ಕು ಜನ ಕೂತು, ಹೆದ್ದಾರಿಯಲ್ಲಿ ನೂರರಲ್ಲಿ ಒತ್ತಿದರೆ 200 ಸಿಕ್ಕರೆ ಪುಣ್ಯ. ಹೋಗೋದು ಸಲೀಸು, ಬರೋದಕ್ಕೆ ದಾರಿಯಲ್ಲಿ ಚಾರ್ಜ್ ಬೇಕೇ ಬೇಕು. ಫಾಸ್ಟ್ ಚಾರ್ಜರಿನಲ್ಲಿ ಗಂಟೆಯ ಆಸುಪಾಸು, ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ಒಂಬತ್ತು ಗಂಟೆ. ಹೊರಗಿನ ಚಾರ್ಜರಿನಲ್ಲಿ ಯೂನಿಟ್ಟಿಗೆ ಮನೆಗಿಂತ ದುಡ್ಡೂ ಜಾಸ್ತಿ. ಆಸ್ಪತ್ರೆ ಅಂತ ರಾತ್ರೋರಾತ್ರಿ ಹೈದರಾಬಾದಿಗೆ ಹೊರಡಬೇಕಾದ ಮನೆಯವರು ಈ ಮಾತು ಮರೆಯಬಾರದು.

ಮನೆಯಲ್ಲೂ ಹುಷಾರ್! ಮೊದಲು ಜೆಸ್ಕಾಂ ಕಚೇರಿಗೆ ಹೋಗಿ ಮೀಟರಿನ ಲೋಡ್ ಹೆಚ್ಚಿಸಿಕೊಳ್ಳಿ. ಅರ್ತಿಂಗ್ ಗಟ್ಟಿಯಿರಲಿ. ಕಿಟಕಿಯಿಂದ ಎಳೆದ ತೆಳು ವೈರಿನಲ್ಲಿ ಕಾರು ಚಾರ್ಜ್ ಮಾಡಿದರೆ ಕ್ಲೈಮ್ಯಾಕ್ಸಿನಲ್ಲಿ ಬೆಂಕಿ ಗ್ಯಾರಂಟಿ.

ಗ್ಯಾರೇಜಿನ ‘ಆಟೋ ರಾಜ’ರಿಗೆ

1980ರ ‘ಆಟೋ ರಾಜ’ದಿಂದ ಶಂಕರ್‌ನಾಗ್ ಆಟೋದವರ ದೇವರಾದರು. ಇವತ್ತು ಅವರ ಚಿತ್ರ ಅಂಟಿಸಿಕೊಂಡ ಆಟೋಗಳೂ ಕರೆಂಟಿಗೆ ತಿರುಗುತ್ತಿವೆ. ನಮ್ಮದೇ ದಾರಿಯ ಜಹೀರಾಬಾದಿನಲ್ಲಿ, ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆ ಇರುವ ಊರಿನಲ್ಲಿ, 2023ರಲ್ಲಿ ಕರೆಂಟ್ ಮೂರುಚಕ್ರದ ಗಾಡಿ ಘಟಕಕ್ಕೂ ಅಡಿಗಲ್ಲು ಬಿತ್ತು.

ಈ ಗಾಡಿಗೆ ಇಂಜಿನ್ ಆಯಿಲ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ. ಮಾಲೀಕನಿಗೆ ಉಳಿತಾಯ, ಆದರೆ ಆಯಿಲ್ ಬದಲಿಸಿ ಹೊಟ್ಟೆ ಹೊರೆಯುವ ಹುಮನಾಬಾದ್ ಗ್ಯಾರೇಜಿನ ಹುಡುಗನಿಗೆ? ಅವನ ಕೈಚಳಕ ಬ್ರೇಕು, ಟಯರು, ಸಸ್ಪೆನ್ಷನ್ನಿಗೆ ಇನ್ನೂ ಬೇಕು. ಜೊತೆಗೆ ವೈರಿಂಗು, ಬ್ಯಾಟರಿ ಕೆಲಸ ಕಲಿತರೆ ಬೇಡಿಕೆ ಅವನಿಗೇ. ಆದರೆ ನೂರಾರು ವೋಲ್ಟಿನ ಬ್ಯಾಟರಿ ಅದು, ನೋಡಿ ಕಲಿಯೋ ವಿದ್ಯೆ ಅಲ್ಲ. ಐ.ಟಿ.ಐ.ಯಲ್ಲೋ ಕಂಪನಿಯ ತರಬೇತಿಯಲ್ಲೋ ಕಲಿತೇ ಕೈ ಹಾಕಬೇಕು. ಗಾಡಿ ಬದಲಾಯಿಸೋ ಮೊದಲು ನಮ್ಮ ಊರಿನ ಮೆಕ್ಯಾನಿಕ್ ಬದಲಾಗಲಿ. ಇಲ್ಲದಿದ್ದರೆ ಒಂದು ಫ್ಯೂಸ್ ಹೋದರೂ ಹೈದರಾಬಾದಿಗೇ ಓಡಬೇಕಾದೀತು. ಏನಂತೀರಿ?