ಟ್ಯೂನ ಬೇಟೆಗೆ ಮಂಜುಗಡ್ಡೆಯ ಲೆಕ್ಕ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಕೆರೆಯ ಮೀನನ್ನಷ್ಟೇ ಬಲ್ಲ ನಾವು, ಕರಾವಳಿಯ ಮಲ್ಪೆಯಿಂದ ಮೊದಲ ಬಾರಿಗೆ ಆಳಗಡಲಿನ ಟ್ಯೂನ ಬೇಟೆಗೆ ಹೊರಟಿರುವೆವೆಂದು ಭಾವಿಸೋಣ. ಗಾಳ, ಹಗ್ಗಗಳಿಗಿಂತ ಮೊದಲು ಲೆಕ್ಕಹಾಕಬೇಕಾದುದು ಮಂಜುಗಡ್ಡೆಯನ್ನು. ಟ್ಯೂನವು ಸುತ್ತಲಿನ ನೀರಿಗಿಂತ ಬೆಚ್ಚಗಿರುವ ಅಪೂರ್ವ ಮೀನು; ಗಾಳದೊಡನೆ ಸೆಣಸುವಾಗ ಅದರ ಸ್ನಾಯುಗಳು ಮತ್ತಷ್ಟು ಕಾಯುತ್ತವೆ. ಬೇಗನೆ ತಣಿಸದಿದ್ದರೆ ಬ್ಯಾಕ್ಟೀರಿಯಗಳು ಮಾಂಸದಲ್ಲಿ ಹಿಸ್ಟಮೀನ್ ಎಂಬ ವಸ್ತುವನ್ನುಂಟುಮಾಡುವುವು. ಬೇಯಿಸಿದರೂ ಆ ವಿಷವು ಅಳಿಯದು.

1 ಗ್ರಾಂ ಮಂಜುಗಡ್ಡೆ ಕರಗುವಾಗ ಸುಮಾರು 80 ಕ್ಯಾಲೊರಿ ಶಾಖವನ್ನು ಹೀರುತ್ತದೆ. ಮೀನಿನ ವಿಶಿಷ್ಟೋಷ್ಣವನ್ನು 0.8 ಎಂದಿಟ್ಟುಕೊಂಡರೆ, 20 ಕಿಲೋಗ್ರಾಂ ತೂಕದ ಮೀನನ್ನು 30 ಡಿಗ್ರಿ ಸೆಂಟಿಗ್ರೇಡಿನಿಂದ 0 ಡಿಗ್ರಿಗಿಳಿಸಲು 6 ಕಿಲೋಗ್ರಾಂ ಸಾಕು. ಪರೀಕ್ಷೆಗೇನೋ ಈ ಉತ್ತರ ಸರಿಯೆ! ದೋಣಿಯಲ್ಲಾದರೋ ಹಲಗೆಗಳ ಮೂಲಕ ನುಸುಳುವ ಹೊರಗಿನ ಶಾಖವೂ ಮಂಜನ್ನು ಕರಗಿಸುತ್ತಿರುತ್ತದೆ. ಆದುದರಿಂದ ಉಷ್ಣವಲಯದಲ್ಲಿ ಮೀನಿನ ತೂಕದಷ್ಟಾದರೂ ಮಂಜುಗಡ್ಡೆಯನ್ನು ಹೇರಿಕೊಳ್ಳಬೇಕು; ಅದನ್ನು ಪುಡಿಮಾಡಿ, ಕರುಳು ತೆಗೆದ ಮೀನಿನ ಹೊಟ್ಟೆಯೊಳಕ್ಕೂ ತುಂಬಬೇಕು.