ಮಿದುಳಿನ ಅಲೆಗಳನ್ನು ದಾಖಲಿಸುವ ಕಾಯಕ

ಬಸವಕಲ್ಯಾಣ, ಹುಮನಾಬಾದ ಸೀಮೆಯ ಕುಟುಂಬಗಳಲ್ಲಿ ಮೂರ್ಛೆರೋಗವನ್ನು ಮುಚ್ಚಿಡುವ ರೂಢಿ ಇನ್ನೂ ಅಳಿದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಮದುವೆಯ ಚಿಂತೆ ಹೆತ್ತವರ ಬಾಯಿ ಕಟ್ಟುತ್ತದೆ. ಲಿಂಗಾಯತರಿಗೂ ಅನ್ವಯಿಸುವ ಹಿಂದೂ ವಿವಾಹ ಕಾಯಿದೆಯು ಈ ರೋಗದ ಅಡ್ಡಿಯನ್ನು 1999ರಲ್ಲಿಯೇ ತೆಗೆದುಹಾಕಿತು. ಉಳಿದಿರುವುದು ನಮ್ಮ ಮನಸ್ಸಿನ ಅಡ್ಡಿ.

ಈ ರೋಗದ ನಿದಾನಕ್ಕೆ ನೆರವಾಗುವ ಮುಖ್ಯ ಪರೀಕ್ಷೆ ಇ.ಇ.ಜಿ. 1924ರಲ್ಲಿ ಜರ್ಮನಿಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಪ್ರಥಮ ಬಾರಿಗೆ ದಾಖಲಿಸಿದರು. ಇದರಲ್ಲಿ ದೇಹಕ್ಕೆ ಕರೆಂಟು ಹಾಯಿಸುವುದಿಲ್ಲ. ಮಿದುಳಿನದೇ ಅತಿಸೂಕ್ಷ್ಮ ವಿದ್ಯುತ್ತನ್ನು ಯಂತ್ರವು ಹಿಗ್ಗಿಸಿ ಗೆರೆಗಳಾಗಿ ತೋರಿಸುತ್ತದೆ.

ಈ ವಿದ್ಯೆಯಲ್ಲಿ ಯಂತ್ರಕ್ಕಿಂತ ಮೊದಲು ಕೈಗೆ ಬರುವುದು ಅಳತೆಯ ಟೇಪು. ಮೂಗಿನ ಬುಡದಿಂದ ಹಿಂದಲೆಯ ಎಲುಬಿನ ಉಬ್ಬಿನವರೆಗೂ, ಕಿವಿಯಿಂದ ಕಿವಿಗೂ ಅಳೆದು, ಆ ಅಳತೆಯ ಶೇಕಡಾ 10 ಮತ್ತು 20ರ ಅಂತರಗಳಲ್ಲಿ ಗುರುತು ಮಾಡಿ ಎಲೆಕ್ಟ್ರೋಡುಗಳನ್ನು ಅಂಟಿಸಬೇಕು. ಕಣ್ಣು ಮಿಟುಕಿಸಿದರೂ, ಹಲ್ಲು ಕಚ್ಚಿದರೂ, ಬೆವರಿದರೂ ಗೆರೆ ಬದಲಾಗುತ್ತದೆ. ಅದನ್ನು ರೋಗದ ಅಲೆಯಿಂದ ಬೇರ್ಪಡಿಸಲು ಕಲಿಯಬೇಕು. ಇಲ್ಲವಾದರೆ ರೋಗವಿಲ್ಲದವರೂ ವರ್ಷಗಟ್ಟಲೆ ಮಾತ್ರೆ ನುಂಗಬೇಕಾದೀತು. ಹೆದರಿದ ಮಗುವನ್ನು ಮಾತನಾಡಿಸಿ ಸಮಾಧಾನಪಡಿಸುವುದೂ ಪಾಠವೇ. ಗೆರೆಗಳು ಸರಿಯಾಗಿ ಕಂಡ ಮಾತ್ರಕ್ಕೆ ರೋಗವಿಲ್ಲವೆಂದು ಹೇಳಲಾಗದು; ಕೊನೆಯ ನಿರ್ಣಯ ವೈದ್ಯರದು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ತಂತ್ರಜ್ಞಾನದ ಶಿಕ್ಷಣವುಂಟು. ಮಕ್ಕಳಿಗೆ ಡಾಕ್ಟರ್, ಇಂಜಿನಿಯರ್ ಎಂಬ ಎರಡೇ ದಾರಿಗಳನ್ನು ತೋರುವ ಪಾಲಕರು ಇದನ್ನೂ ವಿಚಾರಿಸಲಿ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಶರಣರು ಸಾರಿದ ಕಲ್ಯಾಣದ ನೆಲಕ್ಕೆ ನಮ್ಮ ಮಕ್ಕಳಲ್ಲೊಬ್ಬರು ಈ ವಿದ್ಯೆ ಕಲಿತು ಮರಳಿದರೆ, ಮುಚ್ಚಿಟ್ಟ ಎಷ್ಟೋ ನೋವುಗಳಿಗೆ ಚಿಕಿತ್ಸೆಯ ದಾರಿ ತೆರೆದೀತು.