ಮಲ್ಪೆಯ ಕಲ್ಲು, ಸ್ಯಾಂಟೊರಿನಿಯ ಬೂದಿ

ಗ್ರೀಸಿಗೆ ಹೊರಟವರ ಮನೆಯಲ್ಲಿ ಷೆಂಗೆನ್ ವೀಸಾ ಕೈಸೇರುವ ಮೊದಲೇ ಚರ್ಚೆ ಶುರುವಾಗಿರುತ್ತದೆ: ಸ್ಯಾಂಟೊರಿನಿಯೋ, ಮಿಕೊನೋಸೋ? ಮಕ್ಕಳು ದುಬೈಯಲ್ಲೋ ಜರ್ಮನಿಯಲ್ಲೋ ಇರುವ ಉಡುಪಿ, ಮಣಿಪಾಲದ ಮನೆಗಳಿಗೆ ಇದೇನೂ ಹೊಸ ಮಾತಲ್ಲ. ಮಗಳು ಮೊಬೈಲಿನಲ್ಲಿ ನೀಲಿ ಗುಮ್ಮಟಗಳನ್ನು ತೋರಿಸುತ್ತಾಳೆ, ಅಳಿಯ ಗಾಳಿಗಿರಣಿಗಳ ಸಾಲು ತೋರಿಸುತ್ತಾನೆ. ಅಮ್ಮನ ಪ್ರಶ್ನೆ ಒಂದೇ: "ಅಲ್ಲಿ ಊಟಕ್ಕೆ ಎಂತ ಉಂಟು ಮಗಾ?"

ಫೋಟೊ ನೋಡಿ ದ್ವೀಪ ಆರಿಸುವವರೇ ಹೆಚ್ಚು. ಕಲ್ಲು ನೋಡಿ ಆರಿಸಿದರೆ ಮೋಸಹೋಗುವುದು ಕಡಿಮೆ. ದ್ವೀಪ ಯಾವ ಬಂಡೆಯಿಂದ ಆಗಿದೆ ಎಂಬುದರ ಮೇಲೆಯೇ ಅಲ್ಲಿ ಮರಳು ಇದೆಯೋ ಇಲ್ಲವೋ, ಮನೆ ಎಲ್ಲಿ ಕಟ್ಟುತ್ತಾರೆ, ಜನ ಎಲ್ಲಿ ಗುಂಪುಗೂಡುತ್ತಾರೆ ಎಂಬುದೆಲ್ಲ ನಿಂತಿದೆ. ಈ ಪಾಠ ಕಲಿಯಲು ಅಥೆನ್ಸಿನ ತನಕ ಹೋಗಬೇಕಿಲ್ಲ. ಮಲ್ಪೆಯಲ್ಲಿ ದೋಣಿ ಹತ್ತಿದರೆ ಸಾಕು.

ಮಲ್ಪೆ ತೀರದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ದಡಕ್ಕೆ ಸಮಾನಾಂತರವಾಗಿ ಉತ್ತರ-ದಕ್ಷಿಣಕ್ಕೆ ಸಾಲಾಗಿ ನಿಂತ ದ್ವೀಪಗಳಿವೆ. ಊರವರ ಬಾಯಲ್ಲಿ ತೋನ್ಸೆಪಾರ್, ಹೊರಗಿನವರಿಗೆ ಸೇಂಟ್ ಮೇರೀಸ್. ಪ್ರವಾಸಿಗರು ಇಳಿಯುವುದು ಇವುಗಳಲ್ಲಿ ಒಂದಕ್ಕೆ, ಕೋಕನಟ್ ಐಲ್ಯಾಂಡ್ ಎಂದು ನಕ್ಷೆಗಳು ಗುರುತಿಸುವ ದ್ವೀಪಕ್ಕೆ. ಉದ್ದ ಸುಮಾರು ಅರ್ಧ ಕಿಲೋಮೀಟರ್, ಅಗಲ ನೂರು ಮೀಟರ್ ಆಸುಪಾಸು, ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಹತ್ತು ಮೀಟರಿನಷ್ಟೆ. ಹಲವು ವರ್ಷ ಅಲ್ಲಿಗೆ ಹೋಗುವುದೆಂದರೆ ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ದಾಟಿ, ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲುದ್ದ ನೀರಿಗೆ ಇಳಿಯುವುದು ಎಂದೇ ಅರ್ಥ.

ಇಳಿದ ಮೇಲೆ ಎದುರಿಗೆ ಕಾಣುವುದು ಕಂಬಗಳು. ಯಾರೋ ಉಳಿ ಹಿಡಿದು ಕೆತ್ತಿ ಒತ್ತೊತ್ತಾಗಿ ನಿಲ್ಲಿಸಿದ ಹಾಗೆ ಐದು, ಆರು, ಏಳು ಮುಖದ ಕಲ್ಲುಕಂಬಗಳು. ಕೆಲವು ಆರು ಮೀಟರಿನಷ್ಟು ಎತ್ತರ, ಕೆಲವು ಅಲೆಯ ಮಟ್ಟಕ್ಕೆ ಸವೆದು ನೆಲಹಾಸಿನಂತಾಗಿವೆ. ಬಿಸಿ ಲಾವಾ ತಣಿಯುವಾಗ ಕುಗ್ಗುತ್ತದೆ. ಕುಗ್ಗುವಾಗ ಮೇಲ್ಮೈಯಲ್ಲಿ ಬಹುಭುಜದ ಬಿರುಕುಗಳು ಮೂಡುತ್ತವೆ. ತಣಿಯುವಿಕೆ ಒಳಕ್ಕಿಳಿದಂತೆ ಬಿರುಕುಗಳೂ ಇಳಿಯುತ್ತ ಹೋಗಿ ಕಂಬಗಳಾಗುತ್ತವೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇಯಲ್ಲಿ ಆದದ್ದೂ ಇದೇ. ಆದರೆ ಅಲ್ಲಿನದು ಬಸಾಲ್ಟ್. ಮಲ್ಪೆಯದು ಸಿಲಿಕಾ ಹೆಚ್ಚಿರುವ, ಹೆಚ್ಚು ಅಂಟಿನ ಲಾವಾ. ಇಂಥದ್ದು ಇಷ್ಟು ಅಚ್ಚುಕಟ್ಟಾದ ಕಂಬಗಳಾಗುವುದು ಅಪರೂಪ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿರುವುದು ಅದಕ್ಕೇ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೂ ಇದೇ ಗೌರವವಿದೆ.

ಈ ಲಾವಾ ಎಲ್ಲಿಂದ ಬಂತು? ಮಡಗಾಸ್ಕರ್ ಒಂದು ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡೇ ಇತ್ತು. ಅದು ಬೇರ್ಪಡುವಾಗ ನೆಲ ಸೀಳಿ ಉಕ್ಕಿದ ಬೆಂಕಿಯ ಗುರುತು ಇದು. ವಯಸ್ಸಿನ ಬಗ್ಗೆ ವಿಜ್ಞಾನಿಗಳ ಲೆಕ್ಕ ಸ್ವಲ್ಪ ಹಿಂದೆಮುಂದೆ ಆಗಿದೆ: 1981ರ ಲೆಕ್ಕದಲ್ಲಿ ಸುಮಾರು 9.3 ಕೋಟಿ ವರ್ಷ, ಆಮೇಲಿನವುಗಳಲ್ಲಿ 8.5ರಿಂದ 9.1 ಕೋಟಿ. ಸಾಮಾನ್ಯವಾಗಿ ಹೇಳುವುದು 8.8 ಕೋಟಿ.

ಇದರ ಮುಂದೆ ಸ್ಯಾಂಟೊರಿನಿ ನಿನ್ನೆಮೊನ್ನೆಯ ಮಗು. ಅಲ್ಲಿನ ಮಹಾಸ್ಫೋಟ ನಡೆದು ಸುಮಾರು 3,600 ವರ್ಷವಾಯಿತಷ್ಟೆ. ಜ್ವಾಲಾಮುಖಿಯ ನಡುಭಾಗ ಕುಸಿದು ಸಮುದ್ರ ಒಳನುಗ್ಗಿತು. ಉಳಿದ ಅಂಚೇ ಇವತ್ತಿನ ದ್ವೀಪ, ಅದರ ಕಡಿದಾದ ಗೋಡೆಗಳು ಮುನ್ನೂರು ಮೀಟರಿನಷ್ಟು ಎತ್ತರ. ಬೂದಿಯಡಿ ಹೂತುಹೋಗಿದ್ದ ಅಕ್ರೋತಿರಿ ಪಟ್ಟಣವನ್ನು 1967ರಿಂದ ಅಗೆದು ತೆಗೆದವರು ಸ್ಪಿರಿಡಾನ್ ಮರಿನಾತೋಸ್. ಮೆದು ಬೂದಿಗಲ್ಲನ್ನು ಕೊರೆದು ಬಡವರು ಗುಹೆಮನೆ ಮಾಡಿಕೊಂಡರು. ಅಂಥ ಮನೆಗಳೇ ಈಗ ದುಬಾರಿ ಹೋಟೆಲ್ ಕೋಣೆಗಳಾಗಿವೆ. 1950ರಲ್ಲೂ ಜ್ವಾಲಾಮುಖಿ ಒಮ್ಮೆ ಉಗುಳಿತು, 1956ರ ಜುಲೈಯಲ್ಲಿ ಭೂಕಂಪ ಊರುಗಳನ್ನು ಉರುಳಿಸಿತು, 2025ರ ಫೆಬ್ರವರಿಯಲ್ಲಿ ಸಾಲುಸಾಲಾಗಿ ನೆಲ ನಡುಗಿದಾಗ ಸಾವಿರಾರು ಮಂದಿ ದ್ವೀಪ ಬಿಟ್ಟರು. ಸ್ಯಾಂಟೊರಿನಿಯ ನೋಟ ಬೇಕೆನ್ನುವವರು ಕೆಳಗಿನ ಬೆಂಕಿಯ ಜೊತೆಗೇ ಅದನ್ನು ಕೊಳ್ಳಬೇಕು.

ಮಿಕೊನೋಸ್ ಹಾಗಲ್ಲ, ಅದು ಗ್ರಾನೈಟು. ಗ್ರಾನೈಟು ಸವೆದರೆ ಹೊಂಬಣ್ಣದ ಮರಳಾಗುತ್ತದೆ. ಈಜಲು, ಬಿಸಿಲಿಗೆ ಮಲಗಲು ಬೇಕಾದ ಕಡಲತೀರಗಳು ಅಲ್ಲಿರುವುದು, ಸ್ಯಾಂಟೊರಿನಿಯ ತೀರಗಳು ಕಪ್ಪು, ಕೆಂಪು, ಹರಳುಹರಳಾಗಿರುವುದು ಈ ಕಲ್ಲಿನ ವ್ಯತ್ಯಾಸದಿಂದಲೇ. ಮಿಕೊನೋಸಿಗೆ ಮೊದಲು ಪ್ರವಾಸಿಗರು ಬಂದದ್ದು ಅದಕ್ಕಾಗಿ ಅಲ್ಲ ಎಂಬುದು ಬೇರೆ ಮಾತು. ಪಕ್ಕದ ಡೆಲೋಸ್ ದ್ವೀಪದಲ್ಲಿ 19ನೇ ಶತಮಾನದ ಕೊನೆಯಲ್ಲಿ ಫ್ರೆಂಚರು ಉತ್ಖನನ ಆರಂಭಿಸಿದರು. ಅದನ್ನು ನೋಡಲು ಹೋಗುವವರು ರಾತ್ರಿ ತಂಗಲು ಮಿಕೊನೋಸಿಗೆ ಬಂದರು. ಶ್ರೀಮಂತರು, ಸಿನಿಮಾದವರು, ಇರುಳಿಡೀ ಕುಣಿಯುವವರು ಆಮೇಲೆ ಬಂದರು.

ಗ್ರಾನೈಟಿನ ಸಾಮರ್ಥ್ಯ ಕಾರ್ಕಳದವರಿಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿನ ಗುಡ್ಡದ ಮೇಲೆ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟ ಆರು ಶತಮಾನದ ಮಳೆ ತಡೆದುಕೊಂಡಿದ್ದಾನೆ. ಈ ಒಳನಾಡಿನ ಪ್ರಾಚೀನ ಬಂಡೆಗಳ ಮುಂದೆ ತೋನ್ಸೆಪಾರಿನ ಲಾವಾ ಕೂಡ ಕಿರಿಯ. ಇಂಥ ಬಂಡೆಗಳೇ ಸವೆದು, ಹೊಳೆಗಳಲ್ಲಿ ಇಳಿದು ಕಾಪು, ಪಡುಬಿದ್ರಿಯ ಮರಳಾಗಿವೆ. ಪಡುಬಿದ್ರಿಯ ಬೀಚಿಗೆ 2020ರ ಅಕ್ಟೋಬರಿನಲ್ಲಿ, ಸ್ವಚ್ಛ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು, ಹೊನ್ನಾವರದ ಕಾಸರಕೋಡಿಗೂ ಅದೇ ಸಲ. ಇದೇ ನೀಲಿ ಬಾವುಟ ಗ್ರೀಸಿನಲ್ಲಿ ನೂರಾರು ಕಡೆ ಹಾರುತ್ತದೆ. ಕಾಪುವಿನ ಬಂಡೆಯ ಮೇಲಿನ ದೀಪಸ್ತಂಭ 1901ರದು, ಮಿಕೊನೋಸಿನ ಆರ್ಮೆನಿಸ್ಟಿಸ್ ದೀಪಸ್ತಂಭ 1891ರದು. ಹತ್ತೇ ವರ್ಷದ ಅಂತರ.

ತೋನ್ಸೆಪಾರಿಗೆ ಸಂತ ಮೇರಿಯ ಹೆಸರು ಅಂಟಿದ್ದು ವಾಸ್ಕೋ ಡ ಗಾಮನಿಂದ. ಆತ ಕಲ್ಲಿಕೋಟೆಗೆ ಹೋಗುವ ಮೊದಲು ಇಲ್ಲಿ ಇಳಿದನೆಂಬುದು ರೂಢಿಯ ಕಥೆ. ಆತನ ಹಡಗಿನ ದಿನಚರಿ ಹೇಳುವುದೇ ಬೇರೆ. ಮರಳಿ ಹೋಗುವಾಗ, 1498ರ ಸೆಪ್ಟೆಂಬರ್ 15ರಂದು, ದಡದಿಂದ ಎರಡು ಹರದಾರಿ ದೂರದ ಕಿರುದ್ವೀಪವೊಂದರಲ್ಲಿ ಸಾಂತಾ ಮರಿಯಾ ಹೆಸರಿನ ಶಿಲಾಸ್ತಂಭ ನೆಟ್ಟರು ಎಂದು ಅದರಲ್ಲಿದೆ. ಮಲ್ಪೆಯ ಇನ್ನೊಂದು ದ್ವೀಪ ದರಿಯಾ ಬಹದ್ದೂರ್‌ಗಡ. ಅಲ್ಲಿ ಬಿದನೂರಿನ ಬಸಪ್ಪ ನಾಯಕ ಕಟ್ಟಿಸಿದ ಕೋಟೆಯ ಅವಶೇಷಗಳಿವೆ. ಅರಸ ಆರಿಸಿದ್ದು ಆ ದ್ವೀಪವನ್ನು, ಪ್ರವಾಸಿಗರು ಆರಿಸಿದ್ದು ಈ ದ್ವೀಪವನ್ನು.

ಗ್ರೀಕರ ಮಾತಿಗೆ ಮರಳಿದರೆ, ಅವರು ನಮಗಿಂತ ಮೊದಲೇ ಈ ಕಡೆ ಕಣ್ಣು ಹಾಕಿದ್ದರು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಪಪೈರಸ್ ಒಂದರಲ್ಲಿ ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸೆರೆಯಾದ ಚಾರಿಶನ್ ಎಂಬ ಗ್ರೀಕ್ ಹೆಣ್ಣುಮಗಳನ್ನು ಅವಳ ಕಡೆಯವರು ಬಂದು, ಇಲ್ಲಿನ ಅರಸನಿಗೆ ಗಡದ್ದಾಗಿ ಮದ್ಯ ಕುಡಿಸಿ, ಹಡಗು ಹತ್ತಿಸಿ ಪಾರು ಮಾಡುವ ಕಥೆ. ಅರಸ ಮತ್ತವನ ಜನ ಆಡುವ ಮಾತು ಕನ್ನಡವೆಂದು ಶಾಸನತಜ್ಞ ಹುಲ್ಟ್ಸ್ ವಾದಿಸಿದರು, ತುಳುವೆಂದವರೂ ಇದ್ದಾರೆ, ಎರಡನ್ನೂ ಒಪ್ಪದವರೂ ಇದ್ದಾರೆ. ಅದರಲ್ಲಿ 'ಮಲ್ಪಿನಾಯಕ' ಎಂದು ಓದಬಹುದಾದ ಅಕ್ಷರಗಳನ್ನು ಹಿಡಿದು ಇತಿಹಾಸಕಾರ ಬಿ.ಎ. ಸಾಲೆತ್ತೂರು ಈ ಘಟನೆಯನ್ನು ಮಲ್ಪೆ ಪಕ್ಕದ ವಡಭಾಂಡೇಶ್ವರಕ್ಕೆ ತಂದರು. ಮಂಜೇಶ್ವರ ಗೋವಿಂದ ಪೈಗಳು ಇಲ್ಲ, ಅದು ಉದ್ಯಾವರ ಎಂದರು. ಎರಡು ಊರುಗಳಲ್ಲಿ ಯಾವುದು ಎಂಬ ಜಗಳ ನಮ್ಮಲ್ಲೂ ಹಳೆಯದೇ.

ಈಗ ಅಮ್ಮನ ಪ್ರಶ್ನೆ. ಸ್ಯಾಂಟೊರಿನಿಯ ಹೆಸರಾಂತ ಸಸ್ಯಾಹಾರಿ ತಿನಿಸು ಫಾವಾ: ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ, ಈರುಳ್ಳಿ ಹಾಕಿ ಕೊಡುತ್ತಾರೆ. ಒಗ್ಗರಣೆ ಬೀಳದ ಗಟ್ಟಿ ತೊವ್ವೆ ಎಂದುಕೊಂಡರೆ ಆಯಿತು. ಅನ್ನ ಮಾತ್ರ ಹುಡುಕಬೇಕು.

ಇನ್ನು ತೀರ್ಮಾನ. ಜೀವನದಲ್ಲಿ ಒಂದೇ ಸಲ, ನೋಡುವುದಕ್ಕೇ ಹೋಗುವುದಾದರೆ ಸ್ಯಾಂಟೊರಿನಿ. ಆದರೆ ಮೊಣಕಾಲು ನೋವಿನ ಹಿರಿಯರಿದ್ದರೆ ಅಲ್ಲಿನ ಮೆಟ್ಟಿಲುಗಳನ್ನು ಲೆಕ್ಕಕ್ಕೆ ಹಿಡಿಯಿರಿ. ನೀರಿಗಿಳಿದು ಆಡುವ ಮಕ್ಕಳಿದ್ದರೆ ಮಿಕೊನೋಸ್, ಜುಲೈ-ಆಗಸ್ಟಿನ ಗಾಳಿ ಮತ್ತು ಬೆಲೆ ಎರಡನ್ನೂ ತಪ್ಪಿಸಿ. ಹಡಗಿನಲ್ಲಿ ಬಂದಿಳಿಯುವ ವಿಹಾರಿಗಳಿಂದ ಎರಡೂ ದ್ವೀಪಗಳಲ್ಲಿ 2025ರ ಜುಲೈಯಿಂದ ಬೇಸಿಗೆಯಲ್ಲಿ 20 ಯೂರೋ ಶುಲ್ಕ ವಸೂಲಿ ಶುರುವಾಗಿದೆ. ಜನಜಂಗುಳಿ ಅಷ್ಟಿದೆ ಎಂದಾಯಿತು.

ತೋನ್ಸೆಪಾರಿಗೂ ಗ್ರೀಸಿಗೂ ಪೈಪೋಟಿಯೇ ಇಲ್ಲ, ಎರಡರ ಋತು ಬೇರೆ ಬೇರೆ. ಸ್ಯಾಂಟೊರಿನಿ ತುಂಬಿ ತುಳುಕುವ ನಮ್ಮ ಮಳೆಗಾಲದಲ್ಲಿ ಮಲ್ಪೆಯ ದೋಣಿಗಳು ನಿಂತಿರುತ್ತವೆ. ಚಳಿಗಾಲದಲ್ಲಿ ಅಲ್ಲಿನ ಹೋಟೆಲುಗಳು ಬಾಗಿಲು ಹಾಕಿದಾಗ ಇಲ್ಲಿ ಕಡಲು ತಿಳಿಯಾಗಿರುತ್ತದೆ. ಡಿಸೆಂಬರ್-ಜನವರಿಯಲ್ಲಿ ತೋನ್ಸೆಪಾರ್, ಮೇ ಅಥವಾ ಸೆಪ್ಟೆಂಬರ್ ಕೊನೆಗೆ ಗ್ರೀಸ್. ದುಡ್ಡಿಲ್ಲದಿದ್ದರೆ ಮೊದಲನೆಯದಷ್ಟೇ ಸಾಕು. ಆದರೆ ತೋನ್ಸೆಪಾರಿನ ಕಂಬಗಳ ತುದಿಗೆ ಹೋಗಿ ಸೆಲ್ಫಿ ತೆಗೆಯಬೇಡಿ. ಪಾಚಿಗಟ್ಟಿದ ಆ ಕಲ್ಲು ಜಾರುತ್ತದೆ, ಕೆಳಗೆ ಒಮ್ಮೆಲೇ ಆಳ. 2022ರ ಏಪ್ರಿಲಿನಲ್ಲಿ ಕೇರಳದ ಮೂವರು ವಿದ್ಯಾರ್ಥಿಗಳು ಅಲ್ಲಿ ನೀರುಪಾಲಾದರು. ಈಜಬೇಕೆಂದಿದ್ದರೆ ಪಡುಬಿದ್ರಿಗೆ ಹೋಗಿ, ಅಲ್ಲಿ ಮರಳಿದೆ, ಕಾಯುವವರೂ ಇದ್ದಾರೆ.